ಕೊನೆಯ ಸ್ಟಿಚ್ ಎಲ್ಲಿ ಹೋಯಿತು?

ಚಿ. ಅನನ್ಯಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಕೊಕ್ಕೆಯ ಕಡ್ಡಿಯಲ್ಲಿ ದಾರ ಹೆಣೆಯುವ ಕ್ರೋಶಾ ಕಲಿಯುತ್ತಾ ನೀನು ಹಾಕಿದ ತುಂಡಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಳಗೆ ಅಗಲವಾಗಿ ಶುರುವಾದದ್ದು ಮೇಲೆ ಹೋಗುತ್ತಾ ಗೋಪುರದ ಹಾಗೆ ಕಿರಿದಾಗಿದೆ. ಎಣಿಸಿದೆ: ಮೊದಲ ಸಾಲಿನಲ್ಲಿ 15 ಸ್ಟಿಚ್, ಏಳನೆಯ ಸಾಲಿನಲ್ಲಿ 9. ಅಂದರೆ ಸಾಲಿಗೆ ಒಂದರಂತೆ ಆರು ಕಳೆದುಹೋಗಿವೆ. ಎರಡೂ ಬದಿ ಸಮವಾಗಿ ಒಳಗೆ ಬಂದಿರುವುದರಿಂದ ಕಾರಣವೂ ಗೊತ್ತಾಗುತ್ತದೆ. ಸಾಲು ಒಮ್ಮೆ ಈ ಬದಿಯಲ್ಲಿ ಮುಗಿದರೆ, ತಿರುಗಿಸಿದ ಮೇಲೆ ಆ ಬದಿಯಲ್ಲಿ ಮುಗಿಯುತ್ತದೆ. ನೀನು ಪ್ರತಿ ಸಲವೂ ಕೊನೆಯದೊಂದನ್ನು ಬಿಡುತ್ತಿದ್ದೀಯ. ಕೈಯಲ್ಲಿ ದೋಷವಿಲ್ಲ ಮಗಳೇ, ಅದು ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೆ. ಕ್ರೋಶಾದಲ್ಲಿ ಕೈಗಿಂತ ಮೊದಲು ಕಣ್ಣು ಪಳಗಬೇಕು.

ಅದಕ್ಕೇ, ಮೊದಲು ಆ ಕಪ್ಪು ಉಲ್ಲನ್ ಎತ್ತಿಡು. ಕಪ್ಪಿನಲ್ಲಿ ಒಂದು ಎಳೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದು ಪಳಗಿದವರಿಗೂ ಸರಿಯಾಗಿ ಕಾಣುವುದಿಲ್ಲ. ಕೆನೆ ಬಣ್ಣದ್ದೋ ತಿಳಿ ಹಳದಿಯದೋ, ಜೂಲು ಇಲ್ಲದ, ಗಟ್ಟಿಯಾಗಿ ಹುರಿಗೊಂಡ, ಮಧ್ಯಮ ದಪ್ಪದ ಹತ್ತಿ ಅಥವಾ ಅಕ್ರಿಲಿಕ್ ದಾರ ತೆಗೆದುಕೊ. ಅದಕ್ಕೆ 5 ಮಿ.ಮೀ. ಕಡ್ಡಿ ಸರಿ. ಸೀರೆಗೆ ಕುಚ್ಚು ಹಾಕಬೇಕೆನ್ನುವ ನಿನ್ನ ಆಸೆ ಗೊತ್ತು. ಸೆರಗಿನ ಅಂಚಿಗೆ ಹಾಕುವ ಕ್ರೋಶಾ ಕುಚ್ಚಿನಲ್ಲೂ ಬರುವುದು ಇದೇ ಚೈನು (ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡುವ ಸರಪಳಿ), ಇದೇ ಸಿಂಗಲ್ ಕ್ರೋಶಾ ಅನ್ನುವ ಗಿಡ್ಡ ಸ್ಟಿಚ್. ಆದರೆ ರೇಷ್ಮೆ ದಾರ ಜಾರುತ್ತದೆ, ಎಳೆ ಬಿಡುತ್ತದೆ, ಸ್ಟೀಲ್ ಕಡ್ಡಿಯ ಕೊಕ್ಕೆ ಬಲು ಸಣ್ಣದು. ದಪ್ಪ ದಾರದಲ್ಲಿ ಕಲಿತ ಮೇಲೆ ಅದಕ್ಕೆ ಹೋಗು.

ಜಾರುಗಂಟು ಹಾಕಿ, 16 ಚೈನು ಹಾಕು. ಎಣಿಸುವಾಗ ಕಡ್ಡಿಯ ಮೇಲಿರುವ ಕುಣಿಕೆಯನ್ನೂ ಬುಡದ ಗಂಟನ್ನೂ ಲೆಕ್ಕಕ್ಕೆ ಹಿಡಿಯಬೇಡ. ಚೈನಿನ ಮುಖ ಮೇಲೆ ಬರುವಂತೆ ಇಟ್ಟರೆ ಹೆಣೆದ ಜಡೆಯ ಹಾಗೆ ಕಾಣುತ್ತದೆ. ಜಡೆಯ ಒಂದೊಂದು ಮಡಿಕೆಯೂ ಒಂದು ಚೈನು. ಎಡಗೈಯಲ್ಲಿ ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ ತೋರುಬೆರಳಿನ ಮೇಲಿಂದ ತಾ. ಹೆಬ್ಬೆರಳು, ನಡುಬೆರಳಿನಲ್ಲಿ ಗಂಟಿನ ಬುಡ ಹಿಡಿ. ಕೆಲಸ ಮುಂದೆ ಹೋದಂತೆ ಆ ಹಿಡಿತವೂ ಮೇಲೆ ಬರಬೇಕು, ಎರಡು ಮೂರು ಚೈನಿಗೊಮ್ಮೆ. ದೂರದಲ್ಲಿ ಹಿಡಿದರೆ ಚೈನು ತಿರುಚಿಕೊಳ್ಳುತ್ತದೆ.

ಇನ್ನು ಸ್ಟಿಚ್. ಕಡ್ಡಿಯಿಂದ ಎರಡನೆಯ ಚೈನಿನೊಳಗೆ ಕಡ್ಡಿ ತೂರಿಸು. ದಾರವನ್ನು ಹಿಂದಿನಿಂದ ಕಡ್ಡಿಯ ಮೇಲೆ ಹಾಯಿಸಿ, ಕೊಕ್ಕೆಗೆ ಸಿಕ್ಕಿಸಿ ಈಚೆಗೆ ಎಳೆ. ಈಗ ಕಡ್ಡಿಯ ಮೇಲೆ ಎರಡು ಕುಣಿಕೆ ಇರಬೇಕು. ಮತ್ತೆ ದಾರ ಹಾಯಿಸಿ, ಎರಡರೊಳಗಿಂದಲೂ ಒಟ್ಟಿಗೆ ಎಳೆದುಬಿಡು. ಒಂದೇ ಕುಣಿಕೆ ಉಳಿಯಿತಲ್ಲ, ಸಿಂಗಲ್ ಕ್ರೋಶಾ ಮುಗಿಯಿತು. ಹೀಗೆ ಚೈನಿಗೊಂದರಂತೆ ಹಾಕುತ್ತಾ ಹೋದರೆ 15 ಆಗುತ್ತದೆ. ಎರಡನೆಯ ಎಳೆತಕ್ಕೆ ಮೊದಲು ಕಡ್ಡಿಯ ಮೇಲೆ ಮೂರು ಕುಣಿಕೆ ಕಂಡರೆ ತೂರಿಸುವ ಮೊದಲೇ ದಾರ ಸುತ್ತಿದ್ದೀಯ ಅಂತ. ಅದು ಕಂಬ, ಅಂದರೆ ಇದಕ್ಕಿಂತ ಎತ್ತರದ ಸ್ಟಿಚ್, ಹಾಕುವಾಗಿನ ಕ್ರಮ, ಇಲ್ಲಿಗೆ ಬೇಡ.

ಕಡ್ಡಿಯನ್ನೊಮ್ಮೆ ಹತ್ತಿರದಿಂದ ನೋಡು. ಕೊಕ್ಕೆಯ ಹಿಂದೆ ಸಪೂರವಾದ ಕುತ್ತಿಗೆ ಇದೆ, ಅದರಾಚೆ ಒಂದೇ ದಪ್ಪದ ಗುಂಡನೆಯ ಭಾಗ. 5 ಮಿ.ಮೀ. ಅನ್ನುವುದು ಆ ಗುಂಡನೆಯ ಭಾಗದ ಅಳತೆ. ಪ್ರತಿ ಕುಣಿಕೆಯನ್ನೂ ಅಲ್ಲಿಗೆ ತಂದು ಕೂರಿಸಬೇಕು. ಕುತ್ತಿಗೆಯಲ್ಲೇ ಬಿಗಿದು ಮುಗಿಸಿದರೆ ಕುಣಿಕೆ ಪುಟ್ಟದಾಗಿ, ಮುಂದಿನ ಸಾಲಿನಲ್ಲಿ ಕಡ್ಡಿ ಒಳಗೇ ಹೋಗುವುದಿಲ್ಲ. "ಕೈ ನೋಯುತ್ತೆ ದೊಡ್ಡಮ್ಮ" ಅಂದಿದ್ದೆಯಲ್ಲ, ಹೆಚ್ಚಾಗಿ ಕಾರಣ ಇದೇ ಇರುತ್ತದೆ. ಬುಡದ ಚೈನೇ ಬಿಗಿಯಾದರೆ ಕೆಳಗಿನ ಅಂಚು ಬಿಲ್ಲಿನ ಹಾಗೆ ಬಾಗುತ್ತದೆ. ಹಾಗಾದಾಗ ಚೈನು ಮಾತ್ರ 5.5 ಅಥವಾ 6 ಮಿ.ಮೀ. ಕಡ್ಡಿಯಲ್ಲಿ ಹಾಕಿ, ಸ್ಟಿಚ್ಚಿಗೆ 5ಕ್ಕೆ ಬಾ.

ಈಗ ನಿನ್ನ ಗೋಪುರದ ವಿಷಯ. ಮೊದಲ ಸಾಲು ಮುಗಿದಾಗ 1 ಚೈನು ಹಾಕಿ ತಿರುಗಿಸು. ಆ ಚೈನು ಎತ್ತರಕ್ಕೆ ಮಾತ್ರ, ಸ್ಟಿಚ್ ಅಂತ ಎಣಿಸಬಾರದು. ಅದರ ಬುಡದಲ್ಲೇ, ಅಂಚಿಗೆ ಒತ್ತಿಕೊಂಡು, ಮೊದಲ ಸ್ಟಿಚ್ಚಿನ ತಲೆ ಇದೆ. ಹೊಸ ಸಾಲಿನ ಮೊದಲನೆಯದು ಅದಕ್ಕೇ ಬೀಳಬೇಕು. ತಲೆ ಅಂದರೆ ಮೇಲಿನಿಂದ ನೋಡಿದಾಗ ಜಡೆಯ ಹಾಗೇ ಕಾಣುವ ಎರಡು ಎಳೆ. ಕಡ್ಡಿ ಎರಡೂ ಎಳೆಯ ಕೆಳಗೆ ಹೋಗಬೇಕು. ಒಂದನ್ನೇ ಹಿಡಿದರೆ ಉಳಿದ ಎಳೆ ಗೆರೆಯ ಹಾಗೆ ಎದ್ದು ನಿಲ್ಲುತ್ತದೆ, ಬಟ್ಟೆ ಸಡಿಲವಾಗುತ್ತದೆ. ಬೇಕೆಂದೇ ಹಾಗೆ ಮಾಡುವ ವಿನ್ಯಾಸಗಳಿವೆ, ಆದರೆ ನಿನ್ನದರಲ್ಲಿ ಅಲ್ಲಲ್ಲಿ ಕಾಣುವ ಗೆರೆ ಅರಿಯದೆ ಆದದ್ದು.

ಸಾಲಿನ ಕೊನೆಗೆ ಬಂದಾಗ ಕಷ್ಟ. ಅಲ್ಲಿಯ ತಲೆ, ತಿರುಗಿಸಲು ಹಾಕಿದ ಚೈನಿನ ಜೊತೆ ಎಳೆದುಕೊಂಡು, ಪಕ್ಕಕ್ಕೆ ವಾಲಿ ಮಡಿಚಿಕೊಂಡಿರುತ್ತದೆ. ನೋಡಿದರೆ ಸಾಲು ಮುಗಿದೇ ಹೋಯಿತು ಅನ್ನಿಸುತ್ತದೆ. ಹೆಬ್ಬೆರಳಿನಿಂದ ಅಂಚನ್ನು ಸ್ವಲ್ಪ ನಿನ್ನ ಕಡೆಗೆ ಬಾಗಿಸಿದರೆ ಆ ಎರಡು ಎಳೆ ಬಾಯಿ ತೆರೆಯುತ್ತವೆ. ಅಷ್ಟನ್ನೂ ಊಹೆಗೆ ಬಿಡಬೇಡ. ಎರಡು ಸಣ್ಣ ಸೇಫ್ಟಿ ಪಿನ್ ಪಕ್ಕದಲ್ಲಿಟ್ಟುಕೊ. ಪ್ರತಿ ಸಾಲಿನ ಮೊದಲ ಸ್ಟಿಚ್ ಹಾಕಿದ ಕೂಡಲೇ ಅದರ ತಲೆಗೆ ಪಿನ್ ಚುಚ್ಚು. ಮರಳಿ ಬರುವಾಗ ಪಿನ್ ಇರುವುದೇ ಕೊನೆಯ ಸ್ಟಿಚ್. ಪಿನ್ ತೆಗೆದು, ಅಲ್ಲಿ ಒಂದು ಹಾಕಿ, ಎಣಿಸು. 15 ಬಂದರೆ ತಿರುಗಿಸು. 14 ಬಂದರೆ ನಡುವೆ ಎಲ್ಲೋ ಒಂದು ಹಾರಿಸಿದ್ದೀಯ. 16 ಬಂದರೆ ಒಂದೇ ತಲೆಗೆ ಎರಡು ಬಿದ್ದಿದೆ, ಇಲ್ಲವೆ ತಿರುಗಿಸುವ ಚೈನಿನೊಳಗೂ ಒಂದು ಹಾಕಿದ್ದೀಯ. ಇನ್ನೊಂದು ಸಾಲು ನೋಡೋಣ ಅಂತ ಮುಂದೆ ಹೋಗಬೇಡ, ಅಲ್ಲಿಯೇ ಬಿಚ್ಚು. ಹೀಗೆ ಸಾಲು ಸಾಲಾಗಿ ಹೆಣೆಯುವಾಗ ಯಾವಾಗಲೂ ಕಡ್ಡಿಯ ಮೇಲೆ ಒಂದೇ ಕುಣಿಕೆ ಉಳಿಯುವುದರಿಂದ ಬಿಚ್ಚುವುದು ಸುಲಭ. ಕಡ್ಡಿ ತೆಗೆದು, ತಪ್ಪಿದಲ್ಲಿಗೆ ಬರುವ ತನಕ ದಾರ ಎಳೆದು, ಆ ಕುಣಿಕೆಗೆ ಕಡ್ಡಿ ಹಾಕಿದರಾಯಿತು.

ದಾರ ಹಾಯಿಸುವ ದಿಕ್ಕನ್ನೂ ಗಮನಿಸು. ಕಡ್ಡಿಯ ಮೇಲಿಂದ ಬರಬೇಕಾದ ದಾರವನ್ನು ಕೆಳಗಿನಿಂದ ಕೊಕ್ಕೆಗೆ ಎತ್ತಿಕೊಂಡರೆ ಸ್ಟಿಚ್ ಗುಣಿಸುವ ಚಿಹ್ನೆಯ ಹಾಗೆ ಅಡ್ಡಡ್ಡ ಕೂರುತ್ತದೆ, ಬಿಗಿಯೂ ಆಗುತ್ತದೆ. ಗೊಂಬೆ ಹೆಣೆಯುವವರು ಕೆಲವರು ಹಾಗೇ ಮಾಡುತ್ತಾರೆ, ತಪ್ಪಲ್ಲ. ಎರಡನ್ನೂ ಬೆರೆಸಿದರೆ ಮಾತ್ರ ಬಟ್ಟೆ ಏರುಪೇರಾಗುತ್ತದೆ. ಕೊಕ್ಕೆ ದಾರವನ್ನು ಸೀಳಿ ಅರ್ಧ ಎಳೆಯನ್ನಷ್ಟೇ ತಂದರೆ ಆ ಸ್ಟಿಚ್ ಮತ್ತೆ ಹಾಕು. ಮುಂದೆ ಅದೇ ಜಾಗ ಮುಳ್ಳಿನ ಹಾಗೆ ಎದ್ದುಕೊಳ್ಳುತ್ತದೆ.

ಯೂಟ್ಯೂಬಿನಲ್ಲೋ ಪುಸ್ತಕದಲ್ಲೋ ನೋಡಿ ಮಾಡುವಾಗ ಹೆಸರಿನ ಗೊಂದಲ ಬರುತ್ತದೆ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ನಾನು ಇಲ್ಲಿ ಬರೆದಿರುವುದು ಅಮೆರಿಕದ ಲೆಕ್ಕ. ತಿರುಗಿಸಲು 1 ಚೈನು ಅಂದಿದ್ದರೆ ಇದೇ ಸ್ಟಿಚ್ ಇರಬಹುದು. 3 ಚೈನು ಅಂದಿದ್ದರೆ ಅದು ಉದ್ದದ ಕಂಬ.

ನೀನು ಹಾಕುವ 15 ಸ್ಟಿಚ್ ಸುಮಾರು 4 ಇಂಚು ಅಗಲ ಬರುತ್ತದೆ. 17 ಸಾಲಿನ ಹೊತ್ತಿಗೆ ಹೆಚ್ಚುಕಡಿಮೆ ಚೌಕವಾಗುತ್ತದೆ, ಲೋಟದ ಕೆಳಗಿಡಲು ಸರಿಯಾದ ಅಳತೆ. ಮುಗಿಸುವಾಗ ದಾರವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಪೂರ್ತಿ ಎಳೆದು ಬಿಗಿ. ಮೊಂಡು ಮೊನೆಯ ದಪ್ಪ ಸೂಜಿಗೆ ಆ ತುದಿ ಪೋಣಿಸಿ ಸ್ಟಿಚ್ಚುಗಳ ಒಳಗೆ ಎರಡು ಇಂಚು ಹೋಗಿ, ತಿರುಗಿ ಬೇರೆ ಎಳೆಗಳ ನಡುವೆ ಬಾ. ಒಂದೇ ದಿಕ್ಕಿನಲ್ಲಿ ಹೋದ ತುದಿ ಒಗೆದಾಗ ಈಚೆ ಬಂದುಬಿಡುತ್ತದೆ. ಬರಿಯ ಗಂಟು ಹಾಕಿ ಬಿಗಿದು ಕತ್ತರಿಸಬೇಡ.

ಮುಂದಿನ ಫೋಟೋ ಕಳಿಸುವಾಗ ಎರಡೂ ಅಂಚು ಕಾಣುವ ಹಾಗೆ, ಬೆಳಕಿನ ಕಡೆ ಇಟ್ಟು ತೆಗೆ. ಪಿನ್ ತೆಗೆಯದೆ ಕಳಿಸಿದರೆ ಇನ್ನೂ ಒಳ್ಳೆಯದು.

ಇಂತಿ,
ನಿನ್ನ ದೊಡ್ಡಮ್ಮ