ಕೆಡವುವ ಮೊದಲು ಜಂತೆಯ ತುದಿ ನೋಡಿ

ಮಾನ್ಯ ಸಂಪಾದಕರೇ,

ತುಮಕೂರಿನ ಮಂಡಿಪೇಟೆ, ಚಿಕ್ಕಪೇಟೆ ಕಡೆ ಉಳಿದಿರುವ ಹಳೆಯ ತಾರಸಿ ಅಂಗಡಿ ಸಾಲುಗಳ ಮಾತು ಬಂದಾಗ ಎರಡೇ ಅಭಿಪ್ರಾಯ ಕೇಳಿಬರುತ್ತವೆ: ‘ಶಿಥಿಲವಾಗಿದೆ, ಕೆಡವಿ’ ಅಥವಾ ‘ಪಾರಂಪರಿಕ ಕಟ್ಟಡ, ಮುಟ್ಟಬೇಡಿ’. ಎರಡನ್ನೂ ಹೇಳುವವರಲ್ಲಿ ಮಾಳಿಗೆ ಹತ್ತಿ ನೋಡಿದವರು ಕಡಿಮೆ. ಇಂಥ ಕಟ್ಟಡದಲ್ಲಿ ಯಾವ ಭಾಗ ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ಅರ್ಧ ದಿನದ ಪರೀಕ್ಷೆಯಲ್ಲಿ ತಿಳಿಯಬಹುದು.

ಒಂದು ಸಾಲಿನಲ್ಲಿ ಆರೆಂಟು ಮಳಿಗೆ. ಪ್ರತಿಯೊಂದೂ ಸುಮಾರು 10 ಅಡಿ ಅಗಲ, 25 ಅಡಿ ಉದ್ದ. ಮುಂದೆ ಕಲ್ಲುಚಪ್ಪಡಿಯ ಜಗುಲಿ, ಒಂದೊಂದಾಗಿ ಕೂಡಿಸಿ ಮುಚ್ಚುವ ಹಲಗೆ ಬಾಗಿಲು. ಎರಡು ಮಳಿಗೆಗಳ ನಡುವೆ ಇರುವುದು ಒಂದೇ ಗೋಡೆ: ಒಂದೂವರೆ ಅಡಿ ದಪ್ಪ, ಬಹುತೇಕ ಮಣ್ಣಿನ ಕಲಸಿನಲ್ಲಿ ಕಟ್ಟಿ ಮೇಲೆ ಸುಣ್ಣದ ಗಾರೆ ಬಳಿದದ್ದು. ಆ ಗೋಡೆಯಿಂದ ಈ ಗೋಡೆಗೆ ಒಂದೂವರೆ ಅಡಿಗೊಂದರಂತೆ ತೇಗ ಅಥವಾ ಮತ್ತಿಯ ಜಂತೆ. ಜಂತೆಗಳ ಮೇಲೆ ಒಂದಿಂಚು ದಪ್ಪದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಓರೆಯಾಗಿ, ಕೆಳಗೆ ಸೆಂಟ್ರಿಂಗ್ ಇಲ್ಲದೆಯೇ ಜೋಡಿಸುತ್ತಿದ್ದರು. ಅದರ ಮೇಲೆ ಸುಣ್ಣ ಬೆರೆಸಿದ ಇಟ್ಟಿಗೆ ಜಲ್ಲಿ, ಅದರ ಮೇಲೆ ಚಪ್ಪಟೆ ಹೆಂಚು. ಇದೇ ಮದ್ರಾಸ್ ತಾರಸಿ.

ಗಮನಿಸಬೇಕಾದ್ದು, ನಡುಗೋಡೆಯ ಮೇಲೆ ಎರಡೂ ಕಡೆಯ ಜಂತೆಗಳು ಕೂತಿರುತ್ತವೆ. ಗೋಡೆ ಅತ್ತಿತ್ತ ವಾಲದಂತೆ ಹಿಡಿದಿರುವುದೂ ಅವೇ. ಹಾಗಾಗಿ ಸಾಲಿನ ನಡುವಿನ ಒಂದು ಮಳಿಗೆಗೆ ಮಾತ್ರ ನೋಟಿಸ್ ಕೊಟ್ಟು ಕೆಡವಿಸಿದರೆ ಪಕ್ಕದ ಗೋಡೆಯ ಒಂದು ಮಗ್ಗುಲಿನ ಹಿಡಿತ ತಪ್ಪುತ್ತದೆ, ಒಳಗಿದ್ದ ಮಣ್ಣಿನ ಗೋಡೆ ಮಳೆಗೆ ತೆರೆದುಕೊಳ್ಳುತ್ತದೆ. ಆ ಜಾಗದಲ್ಲಿ ಹೊಸ ಕಟ್ಟಡಕ್ಕೆ ಹಳೆಯ ಪಾಯಕ್ಕಿಂತ ಆಳವಾಗಿ ಗೋಡೆಗೆ ತಾಗಿಕೊಂಡೇ ಅಗೆದರಂತೂ ಮುಗಿಯಿತು. ನೆರೆಯ ಮಳಿಗೆ ಬಿದ್ದಾಗ ‘ಅದೂ ಶಿಥಿಲವಾಗಿತ್ತು’ ಎಂದು ಬರೆಯುವುದು ಸುಲಭ!

ತಾರಸಿ ಕೆಡುವುದು ನಡುವಿನಲ್ಲಲ್ಲ, ಅಂಚಿನಲ್ಲಿ. ನೀರು ಹೊರಹೋಗುವ ದೋಣಿ ಎಲೆ, ಪ್ಲಾಸ್ಟಿಕ್‌ನಿಂದ ಕಟ್ಟಿಕೊಳ್ಳುತ್ತದೆ. ನಿಂತ ನೀರು ಕೈಪಿಡಿ ಗೋಡೆಯ (ಪ್ಯಾರಾಪೆಟ್) ಬುಡದ ಬಿರುಕಿನಲ್ಲಿ ಇಳಿಯುತ್ತದೆ, ಅಲ್ಲಿ ಅರಳಿ ಗಿಡ ಹುಟ್ಟುತ್ತದೆ. ಇಳಿದ ನೀರು ಸೇರುವುದು ಗೋಡೆಯೊಳಗೆ ಹುದುಗಿದ ಜಂತೆಯ ತುದಿಗೆ. ಆರೇಳು ಇಂಚಿನ ಆ ತುದಿಗೆ ಗಾಳಿಯಿಲ್ಲ, ಕಣ್ಣಿಗೂ ಕಾಣದು. ಕೆಳಗಿನಿಂದ ನೋಡಿದರೆ ಜಂತೆ ಗಟ್ಟಿಯಾಗಿಯೇ ಇರುತ್ತದೆ. ಆದ್ದರಿಂದ ಬಣ್ಣ, ಗಾರೆ ಉದುರಿದ್ದನ್ನು ನೋಡಿ ತೀರ್ಮಾನಿಸಬಾರದು. ಗೋಡೆಯ ಪಕ್ಕದಲ್ಲಿ ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ 6 ಮಿ.ಮೀ. ಡ್ರಿಲ್ಲನ್ನು ಓರೆಯಾಗಿ ತುದಿಯತ್ತ ಇಳಿಸಬೇಕು. ಗರಿಗರಿಯಾದ ಸಿಪ್ಪೆ ಬಂದರೆ ಮರ ಚೆನ್ನಾಗಿದೆ. ತೇವದ ಕಂದು ಹುಡಿ ಬಂದು, ಡ್ರಿಲ್ಲಿನ ಮೊನೆ ತಾನಾಗಿ ಒಳಹೋದರೆ ಕೊಳೆತಿದೆ. ಜೊತೆಗೆ ತುದಿಯಿಂದ ತುದಿಗೆ ದಾರ ಕಟ್ಟಿ ಜಗ್ಗು ಅಳೆಯಬೇಕು. 10 ಅಡಿಯ ಜಂತೆ ಅರ್ಧ ಇಂಚು ಜಗ್ಗಿದ್ದರೆ ಗಾಬರಿ ಬೇಡ. ಹಳೆಯ ಮರ ಅಷ್ಟು ಬಾಗಿರುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಅದು ಹೆಚ್ಚಾಗಿದೆಯೇ ಎಂಬುದು ಮುಖ್ಯ.

ಸೋರುವ ತಾರಸಿಗೆ ಎಲ್ಲರೂ ಮಾಡುವ ಉಪಾಯ ಸಿಮೆಂಟ್. ಅದೇ ದೊಡ್ಡ ಹಾನಿ. ಒಂದಿಂಚು ಸಿಮೆಂಟ್ ಗಾರೆ ಚದರಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ. 250 ಚದರಡಿಯ ಮಾಳಿಗೆಗೆ ಅದು ಒಂದೂಕಾಲು ಟನ್. ಸೋರಿದಾಗಲೆಲ್ಲ ಹೀಗೆ ಪದರದ ಮೇಲೆ ಪದರ ಹಾಕಿರುತ್ತಾರೆ. ಮರ ಬಿಸಿಲಿಗೆ, ತೇವಕ್ಕೆ ಅಲುಗುತ್ತದೆ. ಸಿಮೆಂಟ್ ಅಲುಗದೆ ಸೀಳುತ್ತದೆ. ಸೀಳಿನಿಂದ ಒಳಹೋದ ನೀರು ಮೇಲಕ್ಕೆ ಆರಲಾರದು, ಜಂತೆಯನ್ನೇ ನೆನೆಸುತ್ತದೆ. ಇದರ ಮೇಲೆ ಸಾವಿರ ಲೀಟರ್ ಟ್ಯಾಂಕು, ಅದೂ ಮಾಳಿಗೆಯ ನಟ್ಟನಡುವೆ, ತುಂಬಿದರೆ ಇನ್ನೊಂದು ಟನ್. ಟ್ಯಾಂಕ್ ಬೇಕೇ ಬೇಕೆಂದರೆ ಎರಡು ಗೋಡೆಗಳ ಮೇಲೆ ಕಬ್ಬಿಣದ ತೊಲೆ ಹಾಯಿಸಿ, ಅದರ ಮೇಲಿಡಿ.

ಇನ್ನೊಂದು ತಪ್ಪು ಕೆಳಗೆ, ಬಾಗಿಲಲ್ಲಿ ನಡೆಯುತ್ತದೆ. ರೋಲಿಂಗ್ ಶಟರ್ ಕೂಡಿಸಲು ಮುಂಭಾಗದ ಕಂಬ ಕೆತ್ತಿ ತೆಳುವಾಗಿಸುತ್ತಾರೆ, ಕೆಲವೆಡೆ ತೆಗೆದೇ ಬಿಡುತ್ತಾರೆ. ರಸ್ತೆಯೂ ಹಳೆಯ ಡಾಂಬರು ಕೆರೆಯದೆ ಹೊಸದು ಹಾಕಿ ಹಾಕಿ ಜಗುಲಿಯ ಮಟ್ಟಕ್ಕೆ ಏರಿದೆ, ಗೋಡೆಯ ಬುಡ ಒಣಗುವುದೇ ಇಲ್ಲ.

ದುರಸ್ತಿ ಸಾಧ್ಯವೇ? ನಡುಗೋಡೆ ಉಬ್ಬಿರದಿದ್ದರೆ ಬಹುಮಟ್ಟಿಗೆ ಸಾಧ್ಯ. ಮೊದಲು ಗೋಡೆಯಿಂದ ಒಂದೂವರೆ ಅಡಿ ದೂರದಲ್ಲಿ ಜಂತೆಗಳಿಗೆ ಅಡ್ಡಲಾಗಿ ಮರ ಕೊಟ್ಟು ಕಬ್ಬಿಣದ ಜ್ಯಾಕ್ ನಿಲ್ಲಿಸಬೇಕು. ಮೇಲಿನ ಸಿಮೆಂಟ್ ಪದರಗಳನ್ನು ಉಳಿಯಿಂದ ಕೈಯಲ್ಲೇ ಬಿಡಿಸಬೇಕು, ಬ್ರೇಕರ್ ಮೆಷಿನ್ ತರಬಾರದು. ಬಿಡಿಸಿದ ಮಣ್ಣುಕಲ್ಲನ್ನು ಮಾಳಿಗೆ ಮೇಲೆ ಗುಡ್ಡೆ ಹಾಕದೆ ಆಗಿಂದಾಗಲೇ ಇಳಿಸಬೇಕು. ಜಂತೆ ಪೂರ್ತಿ ಬದಲಿಸಬೇಕಿಲ್ಲ. ಕೊಳೆತ ತುದಿಯನ್ನು ಒಳ್ಳೆಯ ಮರ ಸಿಗುವವರೆಗೆ ಕತ್ತರಿಸಿ, ಎರಡೂ ಮಗ್ಗುಲಿಗೆ ಕಬ್ಬಿಣದ ಚಾನೆಲ್ (C ಆಕಾರದ ತೊಲೆ) ಕೊಟ್ಟು ಬೋಲ್ಟ್ ಬಿಗಿದು, ಚಾನೆಲ್‌ಗಳನ್ನು ಗೋಡೆಯಲ್ಲಿ ಚಪ್ಪಡಿ ಕಲ್ಲಿನ ಮೇಲೆ ಕೂರಿಸಿದರೆ ಸಾಕು. ಎಷ್ಟು ಗಾತ್ರದ ಚಾನೆಲ್, ಎಷ್ಟು ಬೋಲ್ಟ್ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಲಿ. ತುದಿಯ ಸುತ್ತ ಅರ್ಧ ಇಂಚು ಗಾಳಿಗೆ ಬಿಡಿ. ಅಲ್ಲಿ ಸಿಮೆಂಟ್ ತುಂಬಿದರೆ ಹಳೆಯ ಕಥೆ ಮತ್ತೆ ಶುರು.

ಮೇಲ್ಪದರಕ್ಕೆ ಮುಕ್ಕಾಲರಿಂದ ಒಂದಿಂಚಿನ ಇಟ್ಟಿಗೆ ಜಲ್ಲಿ ಎರಡೂವರೆ ಪಾಲು, ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿದ ಸುಣ್ಣದ ಗಾರೆ ಒಂದು ಪಾಲು. ದೋಣಿಯ ಕಡೆಗೆ 5 ಅಡಿಗೆ ಒಂದಿಂಚು ಇಳಿಜಾರು ಕೊಟ್ಟು 4 ಇಂಚು ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ, ಮರದ ಬಡಿಗೆ ಪುಟಿಯುವವರೆಗೆ ದಿನಗಟ್ಟಲೆ ಬಡಿಯಬೇಕು. ಆಮೇಲೆ ಕನಿಷ್ಠ 10 ದಿನ ಒದ್ದೆ ಗೋಣಿ. ಬಡಿಯುವ ಕೂಲಿ ಉಳಿಸಲು ಹೋದ ಕೆಲಸ ಸೋರುತ್ತದೆ. ಸುಣ್ಣ ಬಳಿಯಲು ಮಾರುವ ಹಳೆಯ ಪುಡಿ ಚೀಲ ಇದಕ್ಕೆ ಆಗದು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಹೆಚ್ಚು. ಡಿಸೆಂಬರ್‌ನಿಂದ ಫೆಬ್ರುವರಿ ಈ ಕೆಲಸಕ್ಕೆ ಸರಿಯಾದ ಕಾಲ.

ಆರ್‌ಸಿಸಿ ಬೇಡವೇ ಎಂದು ಕೇಳುವವರಿಗೆ: 4 ಇಂಚಿನ ಸ್ಲ್ಯಾಬ್ ಹಳೆಯ ತಾರಸಿಗಿಂತ ಹಗುರವೇ ಇರಬಹುದು. ತೊಡಕು ತೂಕದ್ದಲ್ಲ. ಜಂತೆಗಳನ್ನೆಲ್ಲ ಬಿಚ್ಚಿ ಹೊಸ ಸ್ಲ್ಯಾಬ್ ಹಾಕುವವರೆಗಿನ ವಾರಗಳಲ್ಲಿ ಮಣ್ಣಿನ ಗೋಡೆ ಹಿಡಿತವಿಲ್ಲದೆ ನಿಂತಿರುತ್ತದೆ. ಆಗ ಒಂದು ಜೋರು ಮಳೆ ಬಂದರೆ ಸಾಕು.

1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆ ಅಪಾಯಕಾರಿ ಕಟ್ಟಡವನ್ನು ಕೆಡವಿಸಲಷ್ಟೇ ಅಲ್ಲ, ಭದ್ರಪಡಿಸಲು, ದುರಸ್ತಿ ಮಾಡಿಸಲು ಸೂಚಿಸುವುದಕ್ಕೂ ಅವಕಾಶ ಕೊಟ್ಟಿದೆ. ನೋಟಿಸ್ ಕೊಡುವುದಾದರೆ ಇಡೀ ಸಾಲನ್ನು ಒಂದು ಕಟ್ಟಡವೆಂದು ಪರೀಕ್ಷಿಸಿ, ಯಾವ ಮಳಿಗೆಯ ಯಾವ ಜಂತೆ, ಯಾವ ಗೋಡೆ ಎಂದು ನಮೂದಿಸಿ ಕೊಡಬೇಕು. ಅದಕ್ಕೂ ಮೊದಲು, ಇದೇ ವಾರ ಮಾಡಬಹುದಾದ ಕೆಲಸವೊಂದಿದೆ. ಕೈಪಿಡಿ ಗೋಡೆಗೆ ಬಿಗಿದಿರುವ ಫ್ಲೆಕ್ಸ್ ಚೌಕಟ್ಟುಗಳನ್ನು ಇಳಿಸಬೇಕು. ಗಾಳಿಗೆ ಅವು ಎಳೆಯುವುದು ಆ ಗೋಡೆಯನ್ನೇ, ಬಿದ್ದರೆ ಬೀಳುವುದು ಪಾದಚಾರಿಗಳ ಮೇಲೆ.

– ಕೆಲವು ಸಿವಿಲ್ ಎಂಜಿನಿಯರುಗಳು ಮತ್ತು ಗಾರೆ ಮೇಸ್ತ್ರಿಗಳು, ತುಮಕೂರು