ಟೈಲ್ಸ್ ನೆಲಕ್ಕೆ ಮೊನೆಯ ಕಾಲು ಯಾಕೆ?

ಸಂಪಾದಕರೇ,

ಎದೆಯೆತ್ತರದ ದೊಡ್ಡ ಸ್ಪೀಕರ್ ಮನೆಗೆ ತರುವವರು ಈಗ ಜಾಸ್ತಿ ಆಗಿದ್ದಾರೆ. ಒಂದೊಂದೂ 30–40 ಕೆಜಿ ತೂಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಮೇಲೆ ಅದರ ಕಾಲಿನ ಬಗ್ಗೆ ಯಾರೂ ಒಂದು ನಿಮಿಷ ಯೋಚನೆ ಮಾಡುವುದಿಲ್ಲ, ಡಬ್ಬದಲ್ಲಿ ಬಂದ ಉಕ್ಕಿನ ಮೊನೆಗಳನ್ನು, ಅಂದರೆ ಸ್ಪೈಕ್‌ಗಳನ್ನು, ಹಾಗೇ ತಿರುಗಿಸಿ ನಿಲ್ಲಿಸಿಬಿಡುತ್ತೇವೆ.

ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ, ವಿಟ್ರಿಫೈಡ್ ಟೈಲ್ಸ್ ನೆಲ. ಅಂಗಡಿಯವರೇ ಬಂದು ಜೋಡಿಸಿ ಹೋದರು. ನಾಲ್ಕು ದಿನ ಕಳೆದು, ಕಸ ಗುಡಿಸಲು ಅಂತ ಸ್ಪೀಕರ್ ಸ್ವಲ್ಪ ಸರಿಸಿದಾಗ ಟೈಲ್ ಮೇಲೆ ಕೂದಲೆಳೆಯಂಥ ಬಿರುಕು ಕಂಡಿತು. ಆಮೇಲೆ ಕೂತು ಲೆಕ್ಕ ಹಾಕಿದೆ. 40 ಕೆಜಿ ಸ್ಪೀಕರ್, ನಾಲ್ಕು ಕಾಲು, ಒಂದೊಂದರ ಮೇಲೆ 10 ಕೆಜಿ. ಮೊನೆಯ ತುದಿ ಒಂದು ಚದರ ಮಿಲಿಮೀಟರ್ ಇದ್ದರೆ ಅಲ್ಲಿ ಬೀಳುವ ಒತ್ತಡ ಚದರ ಸೆಂಟಿಮೀಟರ್‌ಗೆ ಒಂದು ಟನ್! ಟೈಲ್ ಕೆಳಗೆ ಸಿಮೆಂಟ್ ಸರಿಯಾಗಿ ತುಂಬದೆ ಟೊಳ್ಳು ಉಳಿದಿದ್ದರೆ ಒಡೆಯದೆ ಏನಾಗುತ್ತದೆ?

ಸ್ಪೈಕ್ ತಪ್ಪು ವಸ್ತು ಅಂತ ಹೇಳುತ್ತಿಲ್ಲ. ದಪ್ಪ ಕಾರ್ಪೆಟ್ ಹಾಸಿದ ಮನೆಯಲ್ಲಿ ಅದು ಕಾರ್ಪೆಟ್ ತೂರಿ ಗಟ್ಟಿ ನೆಲ ಮುಟ್ಟುತ್ತದೆ, ಸ್ಪೀಕರ್ ಅಲುಗದಂತೆ ಹಿಡಿಯುತ್ತದೆ. ಅದರ ಕೆಲಸ ಅಷ್ಟೇ. ಸ್ಪೀಕರಿನ ಅದುರುವಿಕೆ ನೆಲಕ್ಕೆ ಹೋಗುವುದನ್ನು ಅದು ತಡೆಯುವುದಿಲ್ಲ, ಸ್ಪೀಕರನ್ನು ನೆಲಕ್ಕೆ ಬಿಗಿಯುತ್ತದೆ. ನಮ್ಮ ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲದಲ್ಲಿ ತೂರಲು ಏನಿದೆ ಹೇಳಿ? ಸ್ಪೈಕೇ ಬೇಕು ಅನ್ನುವವರು ಕೆಳಗೆ ಲೋಹದ ಬಿಲ್ಲೆಯನ್ನಾದರೂ ಇಡಲೇಬೇಕು.

ಅದುರುವಿಕೆ ತಡೆಯಬೇಕು ಅಂದರೆ ಕಾಲು ಮೆತ್ತಗಿರಬೇಕು. ಆದರೆ ಎಷ್ಟು ಮೆತ್ತಗೆ ಅನ್ನೋದೇ ಇಲ್ಲಿ ಮುಖ್ಯ, ಹೆಚ್ಚಿನವರು ಎಡವುವುದೂ ಇಲ್ಲೇ. ಸ್ಪ್ರಿಂಗ್ ಇರುವ ಕಾಲು ಹಾಕಿದಿರಿ ಅನ್ನಿ, ಸ್ಪೀಕರಿನ ಭಾರಕ್ಕೆ ಆ ಸ್ಪ್ರಿಂಗ್ 4 ಮಿಲಿಮೀಟರ್ ಕುಗ್ಗಿದರೆ ಅದರ ಸ್ವಂತ ತೂಗಾಟ ಸೆಕೆಂಡಿಗೆ 8 ಸಲ, ಅಂದರೆ 8 ಹರ್ಟ್ಜ್. ಅದರ 1.4 ಪಟ್ಟು, ಸುಮಾರು 11 ಹರ್ಟ್ಜ್ ದಾಟಿದ ಮೇಲೆ ಅದು ಅದುರುವಿಕೆಯನ್ನು ತಡೆಯಲು ಶುರು ಮಾಡುತ್ತದೆ. ಇಷ್ಟಿದ್ದರೆ ಸಂಗೀತದ ಮಟ್ಟಿಗೆ ಸಾಕು. ಅದೇ, ಯಾವುದೋ ಗಟ್ಟಿ ರಬ್ಬರ್ ತುಂಡು ತಂದು ಇಟ್ಟಿರಿ, ಅದು ಬರೀ 0.25 ಮಿಲಿಮೀಟರ್ ಕುಗ್ಗಿತು ಅಂತಿಟ್ಟುಕೊಳ್ಳಿ. ಆಗ ತೂಗಾಟ 30 ಹರ್ಟ್ಜ್ ದಾಟುತ್ತದೆ, ಆ ಸುತ್ತಮುತ್ತಲಿನ ಬಾಸ್, ಅಂದರೆ ತಗ್ಗಿನ ದನಿ, ಕಡಿಮೆಯಾಗುವ ಬದಲು ನೆಲಕ್ಕೆ ಇನ್ನೂ ಜಾಸ್ತಿ ಹೋಗುತ್ತದೆ. ದುಡ್ಡು ಕೊಟ್ಟು ತೊಂದರೆ ತಂದುಕೊಂಡ ಹಾಗೆ ಅಲ್ವಾ?

ಅದಕ್ಕೇ ನನ್ನ ಕೋರಿಕೆ ಇಷ್ಟೇ: ಮೊದಲು ತೂಕ ನೋಡಿ, ಆಮೇಲೆ ಕಾಲು ಆರಿಸಿ. ಒಳ್ಳೆಯ ಕಂಪನಿಗಳು ತೂಕದ ಮಿತಿಯನ್ನು ಬರೆದೇ ಕೊಡುತ್ತವೆ. ಐಸೊಅಕೌಸ್ಟಿಕ್ಸ್‌ನ ಗಾಯಾ ಕಾಲುಗಳನ್ನೇ ತೆಗೆದುಕೊಳ್ಳಿ. ನಾಲ್ಕರ ಸೆಟ್‌ಗೆ ಒಂದು ಮಾದರಿ 32 ಕೆಜಿವರೆಗೆ, ಇನ್ನೊಂದು 54, ಮತ್ತೊಂದು 100. ದೊಡ್ಡದು ಯಾವಾಗಲೂ ಒಳ್ಳೆಯದು ಅಂತ 25 ಕೆಜಿ ಸ್ಪೀಕರ್‌ಗೆ 100ರದ್ದನ್ನು ಹಾಕಿದರೆ ಅದು ಮೆತ್ತಗೆ ಕೆಲಸ ಮಾಡುವುದಿಲ್ಲ. ಸೋರ್ಬೋಥೇನ್ ಅನ್ನುವ ಮೆತ್ತನೆಯ ರಬ್ಬರಿನಂಥ ವಸ್ತುವಿನ ಬಿಲ್ಲೆಗಳಿಗೂ ಇದೇ ಮಾತು, ಭಾರ ಕಡಿಮೆಯಾದರೆ ಗಟ್ಟಿ, ಜಾಸ್ತಿಯಾದರೆ ಚಪ್ಪಟೆ. ಸ್ಪೀಕರಿನ ತಳದ ತೂತು ಎಂ6 ಅಥವಾ ಎಂ8 (6 ಅಥವಾ 8 ಮಿಲಿಮೀಟರ್ ಬೋಲ್ಟಿನ ಅಳತೆ) ಇರಬಹುದು, ಅದನ್ನೂ ನೋಡಿಕೊಳ್ಳಿ.

ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ತೀರಾ ಮೆತ್ತನೆಯ ಸ್ಪ್ರಿಂಗ್ ಮೇಲೆ ನಿಂತ ಎತ್ತರದ ಪೆಟ್ಟಿಗೆ ಒಂದು ಸಲ ತಳ್ಳಿದರೂ ವಾಲುತ್ತದೆ. 40 ಕೆಜಿಯ ಪೆಟ್ಟಿಗೆ ಮಗುವಿನ ಮೇಲೆ ಬೀಳುವುದನ್ನು ನೆನೆಸಿಕೊಂಡರೇ ಭಯವಾಗುತ್ತದೆ. ತಳದಿಂದ ಹೊರಗೆ ಚಾಚುವ ಅಗಲ ಪಟ್ಟಿ ಹಾಕಿಸದೆ ಅಂಥದ್ದನ್ನು ಇಡಲೇಬೇಡಿ.

ನೆಲಮಾಳಿಗೆ ಇಲ್ಲದ, ಮಣ್ಣಿನ ಮೇಲೇ ಕೂತ ನೆಲದ ಮನೆಯಾದರೆ ದುಬಾರಿ ಕಾಲು ಬೇಕಾಗಿಲ್ಲ, ಅಲುಗದಂತೆ ನಿಂತರೆ ಸಾಕು. ಮಲೆನಾಡಿನ ಹಳೇ ಮನೆಗಳ ಹಲಗೆ ಮಹಡಿಯ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ನೆಲವೇ ಡೋಲಿನ ಹಾಗೆ ದನಿಗೂಡಿಸುತ್ತದೆ, ಸ್ಪ್ರಿಂಗ್ ಕಾಲು ಅತ್ಯಂತ ಹೆಚ್ಚು ಕೆಲಸಕ್ಕೆ ಬರುವುದು ಅಲ್ಲೇ.

ನನ್ನ ಮನೆಯಲ್ಲಿ ಈಗ ತೂಕಕ್ಕೆ ಸರಿಹೊಂದುವ ಕಾಲುಗಳಿವೆ. ಮೃದಂಗದ ತೊಪ್ಪಿಯ, ಅಂದರೆ ಎಡಮುಖದ, ಗುಂಕಿ ಅನ್ನುವ ತಗ್ಗಿನ ನಾದ ಬಿಡಿಬಿಡಿಯಾಗಿ ಕೇಳುತ್ತದೆ, ಸೋಫಾ ಅದುರುವುದು ನಿಂತಿದೆ. ಕೆಳಗಿನ ಮನೆಯವರಿಗೆ ಸದ್ದು ಪೂರ್ತಿ ನಿಂತಿಲ್ಲ ನಿಜ. ಗಾಳಿಯಲ್ಲಿ ಹೋಗಿ ಗೋಡೆಗೆ ಬಡಿಯುವ ಬಾಸನ್ನು ಯಾವ ಕಾಲೂ ತಡೆಯುವುದಿಲ್ಲ, ಹಾಗಾಗಿ ರಾತ್ರಿ 10ರ ಮೇಲೆ ವಾಲ್ಯೂಮ್ ಇಳಿಸುತ್ತೇನೆ.

ಮಾರುವವರಲ್ಲಿ ಒಂದು ಕೇಳಿಕೆ. ಸ್ಪೀಕರ್ ತಲುಪಿಸುವ ಮೊದಲು ಗಿರಾಕಿಯನ್ನು ಎರಡೇ ಪ್ರಶ್ನೆ ಕೇಳಿ: ನೆಲ ಯಾವುದು, ಎಷ್ಟನೇ ಮಹಡಿ? ಸಾಧ್ಯವಾದರೆ ಒಂದು ಸೆಟ್ ಕಾಲನ್ನು ವಾರದ ಮಟ್ಟಿಗೆ ಮನೆಗೆ ಕೊಟ್ಟು ಕೇಳಿಸಿಕೊಂಡು ನೋಡಲು ಬಿಡಿ.

– ಒಬ್ಬ ಓದುಗ, ಬೆಂಗಳೂರು