ಹಳೆ ಕಾರು ತಗೊಂಡ ತಂಗಿಯ ಮಗಳಿಗೆ

ಕಲಬುರಗಿ

ಪ್ರೀತಿಯ ಮಗಳೇ,

ನೀನು ಕಳಿಸಿದ ಫೋಟೋ ನೋಡಿದೆ. ಗಾಡಿಗೆ ಚೆಂಡು ಹೂವಿನ ಹಾರ, ಚಕ್ರದ ಮುಂದೆ ನಿಂಬೆಹಣ್ಣು, ಬಾನೆಟ್ ಮೇಲೆ ಕೈ ಇಟ್ಟುಕೊಂಡು ನಿಂತ ನಿನ್ನ ಮಗ. ಭಾಳ ಖುಷಿಯಾಯಿತು. ನಿನ್ನ ಸ್ವಂತ ರೊಕ್ಕದಲ್ಲಿ ತಗೊಂಡ ಮೊದಲ ಗಾಡಿ ಅದು. ಆದರೆ ಕೆಳಗೆ ಒಂದು ಸಾಲು ಬರೆದಿದ್ದೆಯಲ್ಲ, "2012ರ ಗಾಡಿ ದೊಡ್ಡವ್ವಾ, ಆದ್ರೆ ಬರೀ 48 ಸಾವಿರ ಕಿಲೋಮೀಟರ್ ಓಡಿದೆ, ಎಂಜಿನ್ ಬೆಣ್ಣೆ ಇದ್ದಂಗೆ ಇದೆ" ಅಂತ, ಅದನ್ನು ಓದಿದ ಮೇಲೆ ಈ ಪತ್ರ ಬರೆಯಲೇಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿದರೆ ಹೂಂ ಅಂದು ಮರೆತುಬಿಡುತ್ತೀ. ಬರೆದದ್ದಾದರೆ ಗ್ಯಾರೇಜಿಗೆ ಹೋಗುವಾಗ ಮತ್ತೆ ತೆಗೆದು ಓದಬಹುದು.

ನಾನು ಮೆಕ್ಯಾನಿಕ್ ಅಲ್ಲ. 31 ವರ್ಷ ನರ್ಸ್ ಆಗಿದ್ದವಳು, ಅದರಲ್ಲಿ ಅರ್ಧ ಕ್ಯಾಶುವಾಲ್ಟಿಯಲ್ಲಿ. ಹಳೆ ಕಾರೊಂದನ್ನು 14 ವರ್ಷ ನಾನೇ ಓಡಿಸಿದೆ. ಅದು ಗ್ಯಾರೇಜಿಗೆ ಹೋದಾಗೆಲ್ಲ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಏನು ಬಿಚ್ಚಿದ್ರಿ, ಯಾಕೆ ಬಿಚ್ಚಿದ್ರಿ ಅಂತ ಕೇಳಿ ಕೇಳಿ ಕಲಿತೆ.

ಆ 48 ಸಾವಿರದ ಮಾತಿಗೆ ಬರುತ್ತೇನೆ. ಮೀಟರ್ ಹಿಂದಕ್ಕೆ ತಿರುಗಿಸಿ ಮಾರುವವರು ಇದ್ದಾರೆ, ಅದು ಹಾಗಿರಲಿ. ಅದು ನಿಜವೇ ಅಂತ ಇಟ್ಟುಕೋ. ಆದರೂ ಅದು ಎಂಜಿನ್ನಿನ ಲೆಕ್ಕ ಮಾತ್ರ. ರಬ್ಬರ್, ಬ್ರೇಕ್ ಆಯಿಲ್, ವೈರಿಂಗ್, ಬೆಲ್ಟ್ ಇವಕ್ಕೆಲ್ಲ ಕಿಲೋಮೀಟರ್ ಗೊತ್ತಿಲ್ಲ. ಗಾಡಿ ಮನೆ ಮುಂದೆ ನಿಂತಿದ್ದರೂ ಅವು ಹಳೆಯದಾಗುತ್ತಲೇ ಇರುತ್ತವೆ. ನಮ್ಮ ಕಡೆ ಬಿಸಿಲಲ್ಲಿ ಇನ್ನೂ ಬೇಗ.

ಇದನ್ನು ನಾನು ಕಲಿತದ್ದು ಗಾಣಗಾಪುರದ ದಾರಿಯಲ್ಲಿ. 2018ರ ಮೇ ತಿಂಗಳು, ನಾನು, ನಿನ್ನ ದೊಡ್ಡಪ್ಪ, ಹಿಂದೆ ಇಬ್ಬರು ಮೊಮ್ಮಕ್ಕಳು. ಚೌಡಾಪುರ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಬಿಸಿಲು, ಎಪ್ಪತ್ತರ ಸ್ಪೀಡಲ್ಲಿ ಇದ್ದೆ, ಎಡಗಡೆ ಮುಂದಿನ ಟೈರ್ ಗುಂಡು ಹಾರಿದ ಹಾಗೆ ಒಡೆಯಿತು. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಎಡಕ್ಕೆ ಎಳೆಯಿತು. ಬ್ರೇಕ್ ತುಳಿಯಲಿಲ್ಲ, ಎಕ್ಸಲೇಟರ್ ಬಿಟ್ಟು ಸ್ಟೀರಿಂಗ್ ಗಟ್ಟಿ ಹಿಡಿದೆ, ರಸ್ತೆ ಪಕ್ಕದ ಹೊಲಕ್ಕೆ ಇಳಿದು ಗಾಡಿ ನಿಂತಿತು. ಅಲ್ಲಿ ತಗ್ಗು ಇರಲಿಲ್ಲ, ಮರ ಇರಲಿಲ್ಲ, ಅದಕ್ಕೇ ಈಗ ನಿನಗೆ ಪತ್ರ ಬರೆಯುತ್ತಿದ್ದೇನೆ. ಆ ಟೈರಿನ ಗ್ರಿಪ್ ಹೆಚ್ಚುಕಡಿಮೆ ಹೊಸದರ ಹಾಗೇ ಇತ್ತು. ಗಾಡಿ ಕಡಿಮೆ ಓಡಿದೆ, ಟೈರ್ ಯಾಕೆ ಬದಲಿಸಬೇಕು ಅಂತ ನಾನೇ ಹೇಳಿದ್ದೆ. ಪಂಕ್ಚರ್ ಅಂಗಡಿಯವನು ಟೈರಿನ ಪಕ್ಕದಲ್ಲಿದ್ದ ನಾಲ್ಕು ಅಂಕಿ ತೋರಿಸಿದ, 1109. 2009ನೇ ವರ್ಷದ 11ನೇ ವಾರದಲ್ಲಿ ತಯಾರಾದ ಟೈರು. ಒಂಬತ್ತು ವರ್ಷ. ಅಕ್ಕಾ, ಗ್ರಿಪ್ ಇದೆ, ಆದರೆ ರಬ್ಬರ್ ಸತ್ತುಹೋಗಿದೆ ಅಂದ.

ನೀನು ಈ ಪತ್ರ ಓದಿ ಮುಗಿಸಿದ ತಕ್ಷಣ ಹೊರಗೆ ಹೋಗಿ ಆ ನಾಲ್ಕು ಅಂಕಿ ನೋಡು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಇಂಗ್ಲಿಷಿನಲ್ಲಿ ಇರುತ್ತದೆ, ಆ ಸಾಲಿನ ಕೊನೆಯಲ್ಲಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಒಂದು ಕಡೆ ಕಾಣದಿದ್ದರೆ ಒಳಬದಿಯಲ್ಲಿ ಇರುತ್ತದೆ, ಬಗ್ಗಿ ನೋಡು. ಸ್ಟೆಪ್ನಿಯದ್ದೂ ನೋಡು, ಹಳೆ ಗಾಡಿಗಳಲ್ಲಿ ಅದು ಕಂಪನಿಯಿಂದ ಬಂದಾಗಿನದ್ದೇ ಇರುತ್ತದೆ. ಆರು ವರ್ಷ ದಾಟಿದ್ದರೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ, ಗ್ರಿಪ್ ನೋಡದೆ ಬದಲಿಸು. ರೊಕ್ಕ ಸಾಲದಿದ್ದರೆ ನನಗೆ ಹೇಳು. ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಹಿಡಿಸು, ಎಷ್ಟು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಬೇಸಿಗೆ ಅಂತ ಗಾಳಿ ಕಡಿಮೆ ಇಡು ಅಂತ ಕೆಲವರು ಹೇಳುತ್ತಾರೆ, ಕೇಳಬೇಡ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕ ಜಾಸ್ತಿ ಮಡಚಿ ಜಾಸ್ತಿ ಕಾಯುತ್ತದೆ.

ಇನ್ನು ಬ್ರೇಕ್. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ನಿಧಾನಕ್ಕೆ ಹೀರುತ್ತದೆ. ಡಿಒಟಿ 4 ಅಂತ ಬರುವ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೂ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಅದು 155ಕ್ಕೆ ಇಳಿಯಬಹುದು. ಮೇಲಿಂದ ಮೇಲೆ ಬ್ರೇಕ್ ಹಿಡಿದು ಕಾದಾಗ ಒಳಗೆ ಕುದಿದು ಗುಳ್ಳೆ ಏಳುತ್ತದೆ, ಗುಳ್ಳೆಯನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗುವುದಿಲ್ಲ, ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ಹಾಕಬೇಕು. ಹೊಸದು ಜೇನಿನ ಬಣ್ಣ ಇರುತ್ತದೆ. ನಿನ್ನದು ಡಿಕಾಕ್ಷನ್ ಹಾಗೆ ಕಪ್ಪಗಿದ್ದರೆ ಯಾರೂ ಮುಟ್ಟೇ ಇಲ್ಲ ಅಂತ ಅರ್ಥ.

ಒಂದು ಮಾತು ಚೆನ್ನಾಗಿ ನೆನಪಿಟ್ಟುಕೋ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಕಡಿಮೆಯಾದರೆ ಸುಮ್ನೆ ಮೇಲಿಂದ ಹಾಕಿ ಮುಚ್ಚುವುದಲ್ಲ. ಪ್ಯಾಡ್ ಸವೆದಿರಬೇಕು, ಇಲ್ಲಾ ಎಲ್ಲೋ ಸೋರುತ್ತಿರಬೇಕು. ನನ್ನ ಗಾಡಿಗೆ ಒಬ್ಬ ಮೆಕ್ಯಾನಿಕ್ ಎರಡು ತಿಂಗಳು ಹೀಗೇ ಮೇಲಿಂದ ಹಾಕುತ್ತಾ ಬಂದ. ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನೊಳಗಿನ ಸಿಲಿಂಡರಿನ ರಬ್ಬರ್ ಹೋಗಿ ಆಯಿಲ್ ಒಳಗೇ ಸೋರುತ್ತಿತ್ತು, ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಕೊನೆಗೆ ಹುಮನಾಬಾದ್ ರಿಂಗ್ ರೋಡಿನ ಹತ್ತಿರ ಪೆಡಲ್ ನೆಲ ಮುಟ್ಟಿತು. ಹ್ಯಾಂಡ್‌ಬ್ರೇಕ್ ಎಳೆದು ಗೇರ್ ಇಳಿಸಿ ನಿಲ್ಲಿಸಿದೆ, ಮುಂದೆ ಕಬ್ಬಿನ ಟ್ರ್ಯಾಕ್ಟರ್ ಇತ್ತು. ಆ ಮೆಕ್ಯಾನಿಕ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನೀನು ಡ್ರಮ್ ಬಿಚ್ಚಿಸಿ ಕಣ್ಣಾರೆ ನೋಡು. ಮುಂದಿನ ಚಕ್ರಕ್ಕೆ ಹೋಗುವ ರಬ್ಬರ್ ಪೈಪನ್ನೂ ಬಗ್ಗಿಸಿ ನೋಡಲು ಹೇಳು, ಬಿರುಕು ಇದ್ದರೆ ಬಗ್ಗಿಸಿದಾಗಲೇ ಕಾಣುವುದು.

ಈಗ ನನಗೆ ನಿಜವಾದ ಅನುಮಾನ ಇರುವ ವಿಷಯ. ಗಾಡಿ ಹೈದರಾಬಾದಿನಿಂದ ಬಂದದ್ದು ಅಂದೆ. ನಮ್ಮ ಬೀದರ್, ಕಲಬುರಗಿ ಕಡೆಯವರು ಅಲ್ಲಿಂದ ಗಾಡಿ ತರುವುದು ಮೊದಲಿಂದಲೂ ಇದೆ, ರೇಟು ಕಡಿಮೆ ಸಿಗುತ್ತದೆ. ಆದರೆ 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಎಂಥ ಮಳೆ ಬಿತ್ತು, ನೆನಪಿದೆ ಅಲ್ವಾ? ಕಾರುಗಳು ನೀರಲ್ಲಿ ತೇಲಿಹೋದದ್ದನ್ನು ಟಿವಿಯಲ್ಲಿ ನೋಡಿದ್ದೆವು. ಅಂಥ ಗಾಡಿಗಳನ್ನು ತೊಳೆದು, ಸೀಟ್ ಕವರ್ ಬದಲಿಸಿ, ಸೆಂಟ್ ಹೊಡೆದು ಮಾರುವವರು ಇರುತ್ತಾರೆ. ನಿನ್ನದು ಹಾಗೇ ಅಂತ ನಾನು ಹೇಳುವುದಿಲ್ಲ. ಆದರೆ ನಾಲ್ಕೂ ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ, ಬೂಷ್ಟು ಇದ್ದರೆ ಅಷ್ಟು ಎತ್ತರಕ್ಕೆ ನೀರು ಬಂದಿತ್ತು ಅಂತ ತಿಳಿ. ಬೆಲ್ಟಿನ ಒಳಸುತ್ತನ್ನು ತೊಳೆಯುವುದು ಯಾರಿಗೂ ನೆನಪಾಗುವುದಿಲ್ಲ. ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದೆಯಾ, ಮ್ಯಾಟ್ ಎತ್ತಿದರೆ ಹಸಿ ಮಣ್ಣಿನ ವಾಸನೆ ಬರುತ್ತಾ, ವೈರಿನ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು ಇದೆಯಾ ನೋಡಿಸು. ಹಸಿರು ಕಿಲುಬು ಕಂಡರೆ ಅಲ್ಲಿಗೇ ನಿಲ್ಲು, ಮಾರಿದವರ ಜೊತೆ ಮಾತಾಡೋಣ. ನೀರು ಕುಡಿದ ವೈರಿಂಗು ಒಂದೇ ದಿನ ಕೆಡುವುದಿಲ್ಲ, ವರ್ಷಗಟ್ಟಲೆ ಒಂದೊಂದಾಗಿ ಕೈ ಕೊಡುತ್ತದೆ.

ಬೆಲ್ಟ್ ಎಳೆದಾಗ ಇನ್ನೊಂದು ನೋಡು. ಜೋರಾಗಿ ಒಮ್ಮೆ ಜಗ್ಗಿದರೆ ಅದು ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ, ಅಂಚು ನೂಲು ಬಿಟ್ಟಿದ್ದರೆ ಬದಲಿಸಲೇಬೇಕು. ಬೆಲ್ಟ್ ಹಾಕದೆ ಬಂದವರನ್ನು ನಾನು ಎಷ್ಟು ಜನರನ್ನು ಸ್ಟ್ರೆಚರ್ ಮೇಲೆ ನೋಡಿದ್ದೇನೆ ಅಂತ ನಿನಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹಿಂದೆ ಕೂತವರಿಗೂ ಬೆಲ್ಟ್ ಬೇಕು. ನಿನ್ನ ಮಗನನ್ನು ಮುಂದೆ ಯಾರ ತೊಡೆ ಮೇಲೂ ಕೂರಿಸಬೇಡ. ಏರ್‌ಬ್ಯಾಗ್ ತೆರೆದುಕೊಳ್ಳಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಾಗಿಲ್ಲ, ಆ ಏಟು ಮಗುವಿನ ಮುಖಕ್ಕೆ, ಕುತ್ತಿಗೆಗೆ ಬೀಳುತ್ತದೆ. ಹಿಂದಿನ ಸೀಟಿಗೆ ಮಕ್ಕಳ ಸೀಟು ಹಾಕಿಸು.

ಏರ್‌ಬ್ಯಾಗ್ ಅಂದಾಗ ನೆನಪಾಯಿತು. 2019ರ ಜುಲೈ 1ರಿಂದ ಮಾತ್ರ ಹೊಸ ಕಾರಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು. ನಿನ್ನದು ಮೇಲಿನ ಮಾಡೆಲ್ ಆದ್ದರಿಂದ ಎರಡು ಇವೆ ಅಂದೆ. ಇವೆ ಅಂತ ಸ್ಟೀರಿಂಗ್ ಮೇಲೆ ಬರೆದಿರುತ್ತದೆ, ಆದರೆ ಕೆಲಸ ಮಾಡುತ್ತವಾ? ಕೀ ತಿರುಗಿಸಿದ ತಕ್ಷಣ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿಗೆ ಆರಬೇಕು. ಆರದೇ ಇದ್ದರೆ ತೊಂದರೆ ಇದೆ. ಹತ್ತಲೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು, ಗಿರಾಕಿ ಕೇಳಬಾರದು ಅಂತ ಯಾರೋ ಆ ದೀಪವನ್ನೇ ಕಿತ್ತಿರಬಹುದು. ಹಳೆ ಗಾಡಿಗಳಲ್ಲಿ ಹಾರ್ನ್ ಬರುತ್ತಿಲ್ಲ ಅಂತ ಜನ ದೂರುತ್ತಾರೆ, ಅದರ ಜೊತೆ ಈ ದೀಪವೂ ಉರಿಯುತ್ತಿದ್ದರೆ ಸ್ಟೀರಿಂಗ್ ಕೆಳಗಿನ ಸುರುಳಿ ಕೇಬಲ್ ತುಂಡಾಗಿರುವುದೇ ಜಾಸ್ತಿ. ಆಗ ಹಾರ್ನಿಗೆ ಬೇರೆ ವೈರ್ ಎಳೆದು ಕೈ ತೊಳೆದುಕೊಳ್ಳುವ ಮೆಕ್ಯಾನಿಕ್ ಬೇಡ. ಏರ್‌ಬ್ಯಾಗಿಗೆ ಹೋಗುವ ದಾರಿಯೂ ಅದೇ ಕೇಬಲ್.

ಇನ್ನೊಂದು ವಿಷಯ ಕೇಳಿರಬಹುದು. ಟಕಾಟಾ ಅಂತ ಜಪಾನಿನ ಕಂಪನಿ, ಎಷ್ಟೋ ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಮಾಡಿ ಕೊಡುತ್ತಿತ್ತು. ಅದರ ಒಳಗಿನ, ಬ್ಯಾಗ್ ಉಬ್ಬಿಸುವ ಅಮೋನಿಯಂ ನೈಟ್ರೇಟ್ ಅನ್ನುವ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವ ತಿಂದು ಕೆಟ್ಟು, ಅಪಘಾತವಾದಾಗ ಲೋಹದ ಡಬ್ಬಿಯೇ ಒಡೆದು ಚೂರುಗಳು ಕೂತವರ ಮೇಲೆ ಹಾರುತ್ತಿದ್ದವು. ಜನ ಸತ್ತರು. ಲೋಕದಲ್ಲೇ ಅತಿ ದೊಡ್ಡ ವಾಹನ ರೀಕಾಲ್ ಅದು, 2017ರಲ್ಲಿ ಕಂಪನಿ ದಿವಾಳಿಯಾಯಿತು. ನಮ್ಮ ದೇಶದಲ್ಲೂ ಹಳೆ ಕಾರುಗಳನ್ನು ವಾಪಸ್ ಕರೆದು ಬದಲಿಸಿಕೊಟ್ಟರು. ಆದರೆ ಎರಡನೇ, ಮೂರನೇ ಮಾಲೀಕರಿಗೆ ಆ ಸುದ್ದಿ ಮುಟ್ಟುವುದಿಲ್ಲ, ಕಂಪನಿಯ ಕಾಗದ ಮೊದಲ ಮಾಲೀಕರ ಮನೆಗೇ ಹೋಗುತ್ತದೆ. ನಿನ್ನ ಆರ್‌ಸಿಯಲ್ಲಿ 17 ಅಕ್ಷರ ಅಂಕಿಗಳ ಚಾಸಿಸ್ ನಂಬರ್ ಇದೆ, ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡು, ಇಲ್ಲಾ ಷೋರೂಮಿನಲ್ಲಿ ಕೇಳು. ರೀಕಾಲ್ ಬಾಕಿ ಇದ್ದರೆ ರಿಪೇರಿ ಫ್ರೀ.

ಸ್ಪೀಡ್ ಬ್ರೇಕರ್ ಮೇಲೆ ಮುಂದಿನಿಂದ ಕಟಕಟ ಸದ್ದು ಬರುತ್ತದೆ, ಎಲ್ಲ ಹಳೆ ಗಾಡಿಗೂ ಇದ್ದದ್ದೇ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಸವೆದದ್ದು ಗಾಡಿ ವಾಲದ ಹಾಗೆ ತಡೆಯುವ ಲಿಂಕ್ ರಾಡ್ ಆದರೆ ಬರೀ ಸದ್ದು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಅಥವಾ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಆದರೆ ಅದು ಕಳಚಿದ ದಿನ ಚಕ್ರ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ನಿನ್ನ ಮಾತು ಕೇಳುವುದಿಲ್ಲ. ಜಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು, ಆಮೇಲೆ ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದರೆ ಸಡಿಲ ಇದ್ದದ್ದು ಗೊತ್ತಾಗುತ್ತದೆ. ಐದು ನಿಮಿಷದ ಕೆಲಸ.

ವೈರಿಂಗಿನಲ್ಲಿ ಹಿಂದಿನ ಮಾಲೀಕರು ಏನೇನು ಸೇರಿಸಿದ್ದಾರೆ ನೋಡಿಸು. ಮ್ಯೂಸಿಕ್ ಸಿಸ್ಟಂ, ಫಾಗ್ ಲೈಟು, ಬಣ್ಣದ ದೀಪ, ಎಲ್ಲ ವೈರ್ ಕೊಯ್ದು ಟೇಪ್ ಸುತ್ತಿರುತ್ತಾರೆ. 60/55 ವ್ಯಾಟಿನ ಹೆಡ್‌ಲೈಟ್ ಜಾಗಕ್ಕೆ ರಿಲೇ, ಅಂದರೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡುವ ಸ್ವಿಚ್, ಇಲ್ಲದೆ 100/90 ಹಾಕಿದರೆ ವೈರು ಕಾದು ಹೋಲ್ಡರ್ ಕರಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದೊಡ್ಡ ಫ್ಯೂಸ್ ಹಾಕಿದ್ದರೆ ಅದು ಬೆಂಕಿಗೆ ದಾರಿ. ತೊಗರಿ ರಾಶಿ ಮುಗಿದ ಮೇಲೆ ಹೊಲದ ಇಲಿಗಳು ಊರಿಗೆ ಬಂದು ಬಾನೆಟ್ ಒಳಗೆ ಸೇರುತ್ತವೆ, ವೈರೂ ಕಡಿಯುತ್ತವೆ, ಪೆಟ್ರೋಲ್ ಪೈಪೂ ಕಡಿಯುತ್ತವೆ. ಬೆಳಿಗ್ಗೆ ಗಾಡಿ ಹತ್ತಿರ ಹೋದಾಗ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡ, ಆಟೋ ಹಿಡಿದು ಆಫೀಸಿಗೆ ಹೋಗು.

ರೇಡಿಯೇಟರಿಗೆ ಬೋರ್ ನೀರು ಹಾಕಿಸಬೇಡ. ನಮ್ಮದು ಸುಣ್ಣಕಲ್ಲಿನ ನಾಡು, ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ಕೂಲೆಂಟೇ ಹಾಕಿಸು. ಗಾಡಿ ಕಾದಾಗ ಮುಚ್ಚಳ ತೆರೆಯಬೇಡ, ಆ ಸುಟ್ಟ ಗಾಯಗಳಿಗೆ ನಾನೇ ಡ್ರೆಸಿಂಗ್ ಮಾಡಿದ್ದೇನೆ. ಎಸಿ ತಣ್ಣಗಾಗುತ್ತಿಲ್ಲ, ಮೈಲೇಜ್ ಇಲ್ಲ ಅನ್ನುವುದೆಲ್ಲ ಆಮೇಲೆ. ಮೊದಲ ಸಂಬಳದ ರೊಕ್ಕ ಅದಕ್ಕೆ ಹೋಗಬಾರದು.

ಕಾಗದದ ವಿಷಯ ಸಣ್ಣದಾಗಿ ಹೇಳುತ್ತೇನೆ. ಅಲ್ಲಿನ ಆರ್‌ಟಿಓದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ನಿಮ್ಮ ಯಾದಗಿರಿಯ ಕೆಎ 33 ನಂಬರ್ ಮಾಡಿಸಿಕೋ. ಇನ್ಶೂರೆನ್ಸ್ ನಿನ್ನ ಹೆಸರಿಗೆ ಮಾಡಿಸಲು ವರ್ಗಾವಣೆಯಾದ 14 ದಿನದೊಳಗೆ ಅರ್ಜಿ ಕೊಡಬೇಕು. 2027ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ, ಆಗ ತಪಾಸಣೆ ಮಾಡಿಸಿ ಆರ್‌ಸಿ ರಿನ್ಯೂವಲ್ ಮಾಡಿಸಬೇಕು. ಅದರ ಖರ್ಚನ್ನೂ ಈಗಲೇ ಲೆಕ್ಕದಲ್ಲಿ ಇಟ್ಟುಕೋ.

ಈ ಶನಿವಾರ ಯಾದಗಿರಿಯಿಂದ ನಮ್ಮ ಮನೆಗೆ ಬರುವಾಗ ಗಾಡಿ ತರಬೇಡ ಮಗಳೇ. ವಾಡಿ ಹತ್ತಿರ ಸಿಮೆಂಟ್ ಲಾರಿಗಳ ಮಧ್ಯೆ ನೀನು ಪರೀಕ್ಷೆ ಮಾಡಿಸದ ಗಾಡಿಯಲ್ಲಿ ಬರುತ್ತಿದ್ದೀ ಅಂದರೆ ನನಗೆ ಊಟ ಸೇರುವುದಿಲ್ಲ. ರೈಲಿಗೆ ಬಾ, ಮಗನನ್ನೂ ಕರೆದುಕೊಂಡು ಬಾ. ಸೋಮವಾರ ನಿನ್ನ ಜೊತೆ ನಾನೂ ಯಾದಗಿರಿಗೆ ಬರುತ್ತೇನೆ, ನಾಲ್ಕು ದಿನ ಇರುತ್ತೇನೆ. ಗ್ಯಾರೇಜಿನಲ್ಲಿ ಒಂದು ದಿನ ಪೂರ್ತಿ ಕೂತು ಎಲ್ಲ ಬಿಚ್ಚಿಸಿ ನೋಡೋಣ. ಟೈರಿನ ನಾಲ್ಕು ಅಂಕಿಗಳ ಫೋಟೋ ಮಾತ್ರ ಇವತ್ತು ರಾತ್ರಿಯೇ ಕಳಿಸು, ಐದೂ ಟೈರಿನದ್ದು.

ನಿನ್ನ
ದೊಡ್ಡವ್ವ